ಕೆಂಪು ದಾರ ಕಟ್ಟಿದ ಗಂಟು

ಬನ್ನಿ ತಾಯಂದಿರೇ, ಬನ್ನಿ ಅಣ್ಣಂದಿರೇ. ಕೈಯಲ್ಲಿ ಕೆಲಸ ಇದ್ದರೆ ಇರಲಿ, ಕಿವಿಯನ್ನು ಮಾತ್ರ ಸ್ವಲ್ಪ ಹೊತ್ತು ಈ ಕಡೆ ಕೊಡಿ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅವತ್ತಿನ ಕೆಲಸ ಕೆಟ್ಟಿತು, ಹೋಗದಿದ್ದರೆ ಮನಸ್ಸು ಕೇಳದು. ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳದ ಮನೆ ನಮ್ಮಲ್ಲಿ ಯಾವುದಿದೆ? ಅಂಥ ಒಂದು ಮನೆಯ ಕಥೆ ಇದು.

ಒಂದು ಬೀದಿ. ಬೀದಿಯ ಮೂಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡ ಇಸ್ತ್ರಿ ಮಾಡುತ್ತಾನೆ. ಅವನು ಎಳೆದ ಗೀರು ನೂಲು ಹಿಡಿದಂತೆ ನೆಟ್ಟಗೆ. ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಅಂತಲೇ ಕರೆಯುತ್ತಾರೆ. ಹೆಂಡತಿ ಒಗೆಯುತ್ತಾಳೆ, ಒಣಗಿಸುತ್ತಾಳೆ, ಲೆಕ್ಕ ತಪ್ಪದೆ ಗಂಟು ಕಟ್ಟುತ್ತಾಳೆ. ಗಂಡನ ತಾಯಿ, ಅಂದರೆ ಅಜ್ಜಿ, ಬಾಗಿಲ ಪಕ್ಕ ಕೂತು ಬಿದ್ದುಹೋದ ಗುಂಡಿಗಳನ್ನು ಹೊಲಿಯುತ್ತಾಳೆ. ಅಜ್ಜಿಯ ಬಳಿ ಒಂದು ಹಳೆಯ ತಗಡಿನ ಡಬ್ಬಿ. ಅದರ ತುಂಬ ಗುಂಡಿಗಳು. ಬಿಳಿ, ಕಪ್ಪು, ನೀಲಿ, ಎರಡು ತೂತಿನವು, ನಾಲ್ಕು ತೂತಿನವು. ಮೊಮ್ಮಗಳಿಗೆ ಆ ಡಬ್ಬಿಯೇ ಆಟ, ಅದೇ ಪಾಠ. ಹಾಗಾಗಿ ಅವಳ ಹೆಸರೂ ಗುಂಡಿ ಅಂತಲೇ ಆಗಿಹೋಯಿತು. ಆರು ವರ್ಷ ತುಂಬಿದ ಹುಡುಗಿ.

ಈ ಅಂಗಡಿಗೆ ಒಂದು ನಡೆ ಇತ್ತು. ಬಟ್ಟೆ ಕೊಟ್ಟವರಿಗೆ ಒಂದು ಚೀಟಿ. ಚೀಟಿಯ ಮೇಲೆ ಒಂದು ತಾರೀಖು. ಆ ತಾರೀಖಿಗೆ ಬಟ್ಟೆ ಸಿದ್ಧ ಅಂತ ಅರ್ಥ. ಅವತ್ತೇ ಬರಬೇಕೆಂದಿಲ್ಲ. ಮಾರನೇ ದಿನ ಬನ್ನಿ, ವಾರ ಬಿಟ್ಟು ಬನ್ನಿ, ನಿಮ್ಮ ಗಂಟು ಹಲಗೆಯ ಮೇಲೆ ನಿಮ್ಮ ದಾರಿ ಕಾಯುತ್ತಿರುತ್ತದೆ. ಹತ್ತು ದಿನವಾದರೂ ಯಾರೂ ಬರದಿದ್ದರೆ ಹೆಂಡತಿ ಆ ಗಂಟಿಗೆ ಒಂದು ಕೆಂಪು ದಾರ ಕಟ್ಟುತ್ತಾಳೆ. ಕೆಂಪು ದಾರ ಕಂಡ ಸಂಜೆ ಇಸ್ತ್ರಿಯಣ್ಣ ಸೈಕಲ್ ಹತ್ತಿ ಆ ಮನೆಗೆ ಹೋಗುತ್ತಾನೆ. "ಯಾಕ್ರೀ, ಬಟ್ಟೆ ತಗೊಂಡು ಹೋಗೋಕೆ ಬರಲೇ ಇಲ್ಲ? ಮನೇಲೆಲ್ಲ ಹುಷಾರಾಗಿದ್ದೀರಾ?" ಅಂತ ಕೇಳುತ್ತಾನೆ. ಹಾಗೆ ಕೇಳಲು ಹೋಗಿ ಒಮ್ಮೆ, ಕಾಲು ಮುರಿದುಕೊಂಡು ಒಬ್ಬರೇ ಮಲಗಿದ್ದ ಮೇಷ್ಟ್ರನ್ನು ಸೈಕಲ್ ಮೇಲೆ ಕೂರಿಸಿಕೊಂಡು ವೈದ್ಯರ ಹತ್ತಿರ ಒಯ್ದಿದ್ದ. ಈ ನಡೆಯನ್ನು ಹಾಕಿಕೊಟ್ಟವಳು ಅಜ್ಜಿ. "ಬಟ್ಟೆ ಬಿಟ್ಟು ಹೋದವರು ಸುಮ್ಮನೆ ಬಿಟ್ಟು ಹೋಗಿರಲ್ಲ ಕಣೋ. ಏನೋ ಆಗಿರುತ್ತೆ. ಹೋಗಿ ಕೇಳಬೇಕು" ಅನ್ನುತ್ತಿದ್ದಳು.

ಈ ನಡೆ ನೆನಪಿರಲಿ. ಕಥೆಯ ಕಷ್ಟ ಹುಟ್ಟಿದ್ದೂ ಇದರಿಂದಲೇ, ಕಷ್ಟ ಕಳೆದದ್ದೂ ಇದರಿಂದಲೇ.

ಒಂದು ದಿನ ಅಜ್ಜಿ ಸೂಜಿ ಚಾಚಿ, "ಏ ಗುಂಡಿ, ದಾರ ಪೋಣಿಸೇ. ನನ್ನ ಕಣ್ಣಿಗೆ ವಯಸ್ಸಾಯ್ತು, ನಿಂದು ಎಳೇ ಕಣ್ಣು" ಅಂದಳು. ಗುಂಡಿ ದಾರವನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ, ಕತ್ತು ವಾಲಿಸಿ ಗುರಿಯಿಟ್ಟಳು. ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಮತ್ತೊಮ್ಮೆ ಇಟ್ಟಳು. ಮತ್ತೆ ಪಕ್ಕಕ್ಕೆ.

"ಸೂಜಿ ಅಲ್ಲಾಡಿಸ್ತೀಯ ನೀನು!" ಅಂತ ಮೊಮ್ಮಗಳ ಜಗಳ.

"ನಾನ್ಯಾಕೆ ಅಲ್ಲಾಡಿಸ್ಲಿ? ಮುದುಕಿ ಕೈ ಕಲ್ಲಿನ ಹಾಗಿದೆ ನೋಡು!"

ಆ ಹೊತ್ತಿಗೆ ಇಸ್ತ್ರಿಗೆ ಕೊಟ್ಟಿದ್ದ ತನ್ನ ಸಮವಸ್ತ್ರ ಒಯ್ಯಲು ಆರೋಗ್ಯ ಕಾರ್ಯಕರ್ತೆ ಬಂದಿದ್ದಳು. ಮನೆಮನೆ ತಿರುಗಿ ಮಕ್ಕಳಿಗೆ ಲಸಿಕೆ ಹಾಕಿಸುವವಳು, ಬಾಣಂತಿಯರನ್ನು ವಿಚಾರಿಸುವವಳು. ಬೀದಿಗೆಲ್ಲ ಅವಳು ಆರೋಗ್ಯದಕ್ಕ. ಅವಳು ಗುಂಡಿಯ ಗಲ್ಲ ಹಿಡಿದು ಮುಖ ಎತ್ತಿ ನೋಡಿದಳು. "ಎಡಗಣ್ಣು ಮೂಗಿನ ಕಡೆ ಸರಿದಿದೆಯಲ್ಲ, ಯಾವಾಗಿನಿಂದ?"

"ಅದು ಅದೃಷ್ಟದ ಕಣ್ಣು" ಅಂದಳು ಅಜ್ಜಿ.

"ಅದೃಷ್ಟ ಇರಲಿ ಅಜ್ಜಿ, ದೃಷ್ಟಿ ಇದೆಯಾ ಅಂತ ಮೊದಲು ನೋಡಿಸೋಣ" ಅಂತ ನಕ್ಕು, ಮಕ್ಕಳ ಆಸ್ಪತ್ರೆಗೆ ಒಂದು ಕಾಗದ ಬರೆದುಕೊಟ್ಟಳು.

ಗಂಡ ಹೆಂಡತಿ ಇಬ್ಬರೂ ಹೋದರು. ಎರಡು ಬಸ್ಸು ಬದಲಿಸಿ, ಉದ್ದದ ಸಾಲಿನಲ್ಲಿ ನಿಂತು, ಮಧ್ಯಾಹ್ನಕ್ಕೆ ವೈದ್ಯರ ಮುಂದೆ ಕೂತರು. ವೈದ್ಯರು ಒಳ್ಳೆಯವರು. ಬಿಡಿಸಿ ಹೇಳಿದರು. "ಈ ಎಡಗಣ್ಣು ಕೆಟ್ಟಿಲ್ಲಮ್ಮಾ. ಕೆಲಸ ಬಿಟ್ಟಿದೆ. ಬಲಗಣ್ಣು ಎಲ್ಲ ನೋಡ್ಕೊಳ್ಳುತ್ತಲ್ಲ ಅಂತ ಇದು ಕೈಕಟ್ಟಿ ಕೂತಿದೆ. ಕನ್ನಡಕ ಹಾಕಿ, ಚೆನ್ನಾಗಿರೋ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಅಂಟಿಸಿ, ಇದನ್ನ ಕೆಲಸಕ್ಕೆ ಹಚ್ಚಬೇಕು. ಎಳೇ ವಯಸ್ಸಲ್ಲಿ ಬೇಗ ಬಗ್ಗುತ್ತೆ. ಏಳು ದಾಟಿ ಮುಂದೆ ಹೋದಷ್ಟೂ ಕಷ್ಟ. ತಡ ಮಾಡ್ಬೇಡಿ. ಕಣ್ಣಿನ ವಿಭಾಗದವರು ಪರೀಕ್ಷೆ ಮಾಡ್ತಾರೆ, ತಾರೀಖು ಕೊಡ್ತೀವಿ."

ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟರು. ಚೀಟಿಯ ಮೇಲೆ ಒಂದು ತಾರೀಖು. ಮಂಗಳವಾರ.

ಈಗ ಹೇಳಿ, ಬಟ್ಟೆ ಒಗೆಯುವ ಅಂಗಡಿಯವರ ಕೈಗೆ ತಾರೀಖು ಬರೆದ ಚೀಟಿ ಬಂದರೆ ಅವರು ಏನೆಂದು ತಿಳಿಯಬೇಕು? ಆ ತಾರೀಖಿಗೆ ಎಲ್ಲ ಸಿದ್ಧವಾಗಿರುತ್ತದೆ, ಆಮೇಲೆ ಯಾವತ್ತು ಹೋದರೂ ನಡೆಯುತ್ತದೆ ಅಂತ ತಿಳಿದರು. ಹುಟ್ಟಿದಾಗಿನಿಂದ ಅವರು ಕಂಡ ಚೀಟಿಗೆಲ್ಲ ಅದೇ ಅರ್ಥ. ಮಂಗಳವಾರ ಹಾಸ್ಟೆಲಿನ ಹಾಸಿಗೆ ಬಟ್ಟೆ ಬರುವ ದಿನ, ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತಿಲ್ಲ. "ಶುಕ್ರವಾರ ಹೋಗೋಣ. ಅವರ ತಾರೀಖು ಆಗಿ ಮೂರು ದಿನ ಆಗಿರುತ್ತೆ, ನಿಧಾನವಾಗಿ ಎಲ್ಲ ತಯಾರಾಗಿರುತ್ತೆ" ಅಂತ ಇಸ್ತ್ರಿಯಣ್ಣನೇ ಹೇಳಿದ. ಹೆಂಡತಿ ಚೀಟಿಯನ್ನು ದೇವರ ಗೂಡಿನ ದೀಪದ ಕೆಳಗೆ ಮಡಿಸಿಟ್ಟಳು.

ಶುಕ್ರವಾರ ಹೋದರು. ಗುಂಡಿಗೆ ಹೂವಿನ ಫ್ರಾಕು, ಎರಡು ಜಡೆ. ಕಿಟಕಿಯ ಗುಮಾಸ್ತರು ಚೀಟಿ ನೋಡಿ ತಲೆಯಾಡಿಸಿದರು.

"ಮಂಗಳವಾರ ಬರ್ಬೇಕಿತ್ತು. ಬರಲಿಲ್ಲ. ಹೆಸರು ತೆಗೆದಾಯ್ತು."

"ಹೆಸರು ತೆಗೆದ್ರೆ... ಈಗ ಬಂದಿದ್ದೀವಲ್ಲ ಸಾರ್" ಅಂದಳು ಹೆಂಡತಿ.

"ಕಣ್ಣಿನವರು ಮಂಗಳವಾರ ಮಾತ್ರ ಇರೋದು. ಹೊಸದಾಗಿ ಬರೆಸ್ಬೇಕು. ನಾಲ್ಕು ತಿಂಗಳು ಆಗುತ್ತೆ. ಸರೀರಿ, ಹಿಂದೆ ಜನ ಇದ್ದಾರೆ."

ಇಸ್ತ್ರಿಯಣ್ಣ ಕದಲದೆ ನಿಂತ. ಗುಮಾಸ್ತರ ಅಂಗಿಯ ತೋಳಿನ ಮೇಲಿದ್ದ ಗೀರು ಅವನದೇ ಕೈಯದು. ಅವರ ಮನೆಯ ಬಟ್ಟೆ ಬರುವುದು ಇವನ ಅಂಗಡಿಗೇ, ಹೋದ ವಾರವಷ್ಟೇ ಎಳೆದದ್ದು. ಆ ಅಂಗಿಯನ್ನು ತಾನು ತಿರುಗಿಸಿ, ಮರಳಿಸಿ, ಕೊರಳಪಟ್ಟಿಯ ಒಳಗಿನ ಕೊಳೆಯನ್ನೂ ನೋಡಿದ್ದ. ಅಂಗಿ ತೊಟ್ಟವರು ಇವನ ಮುಖವನ್ನೂ ನೋಡಲಿಲ್ಲ. ಮಗಳನ್ನು ಎತ್ತಿಕೊಂಡು ಹೊರಗೆ ಬಂದ.

ಬಸ್ಸಿನಲ್ಲಿ ಗುಂಡಿ ಕೇಳಿದಳು, "ಅಪ್ಪಾ, ನನ್ನ ಹೆಸರು ತೆಗೆದ್ರಾ? ಈಗ ನಂಗೆ ಹೆಸರಿಲ್ವಾ?"

ಮನೆಗೆ ಬಂದವನೇ ಇಸ್ತ್ರಿಯಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟ. "ಮುಗೀತು. ಇನ್ನು ಆ ಮೆಟ್ಟಿಲು ತುಳಿಯಲ್ಲ. ಕೊಳೆ ಬಟ್ಟೆ ಆದ್ರೂ ನಾವು ಮರ್ಯಾದೆಯಿಂದ ತಗೋತೀವಿ. ಅವರು ನಮ್ಮನ್ನ ಅಷ್ಟೂ ತಗೊಳ್ಳಲ್ಲ. ಒಂದು ಕಣ್ಣು ಚೆನ್ನಾಗಿದೆಯಲ್ಲ ಮಗಳಿಗೆ, ಸಾಕು."

"ಸಾಕು ಅನ್ನೋದಾದ್ರೆ ದೇವರು ಒಂದೇ ಕೊಡ್ತಿದ್ದ ಕಣ್ರೀ" ಅಂದಳು ಹೆಂಡತಿ. ಅವನು ಇಸ್ತ್ರಿಪೆಟ್ಟಿಗೆಯನ್ನು ಒಂದು ಸಲ ಜೋರಾಗಿ ಕುಕ್ಕಿದ.

ದಿನಗಳು ಸರಿದವು. ಹೆಂಡತಿ ಒಗೆಯುತ್ತಾ ಎಣಿಸುತ್ತಿದ್ದಳು. ಆರು ವರ್ಷ, ಅದರ ಮೇಲೆ ನಾಲ್ಕು ತಿಂಗಳು, ಆಮೇಲೆ ಪರೀಕ್ಷೆ, ಆಮೇಲೆ ಕನ್ನಡಕ. ಏಳು ಎಂಬುದು ಬಾಗಿಲಲ್ಲೇ ನಿಂತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಹಡಿಮನೆ ಅಮ್ಮ ಬಟ್ಟೆಗೆ ಬಂದರು. ಬೀದಿಯ ಆ ತುದಿಯ ಎರಡಂತಸ್ತಿನ ಮನೆಯವರು. ಜೊತೆಗೆ ಅವರ ಮಗ. ಅವನ ಮೂಗಿನ ಮೇಲೆ ಹೊಸ ಕನ್ನಡಕ, ಒಂದು ಕಣ್ಣಿಗೆ ನೀಲಿ ಪಟ್ಟಿ.

"ಇವನಿಗೂ ಕಣ್ಣಾ ಅಮ್ಮಾ?" ಅಂತ ಹೆಂಡತಿ ಕೇಳಿದಳು.

"ಹೂಂ, ಸೋಮಾರಿ ಕಣ್ಣಂತೆ. ಮಕ್ಕಳ ಆಸ್ಪತ್ರೇಲೇ ತೋರಿಸ್ತಿದ್ದೀವಿ. ಹೋದ ತಿಂಗಳು ಮಂಗಳವಾರ ಕೊಟ್ಟಿದ್ರು. ಅವತ್ತು ಮನೆಗೆ ನೆಂಟರು ಬರೋರಿದ್ರು. ಒಂದು ಫೋನ್ ಮಾಡಿದೆ. ಮುಂದಿನ ಮಂಗಳವಾರಕ್ಕೆ ಹಾಕ್ಕೊಟ್ರು."

ಗಂಟಿಗೆ ದಾರ ಸುತ್ತುತ್ತಿದ್ದ ಹೆಂಡತಿಯ ಕೈ ಹಾಗೇ ನಿಂತಿತು. ಅದೇ ಮಂಗಳವಾರ. ಅದೇ ಕಿಟಕಿ. ಈ ಮಗುವೂ ಹೋಗಿರಲಿಲ್ಲ, ತನ್ನ ಮಗುವೂ ಹೋಗಿರಲಿಲ್ಲ. ಇವನ ತಾರೀಖು ಒಂದು ವಾರ ಮುಂದಕ್ಕೆ ಹೋಯಿತು. ಗುಂಡಿಯ ಹೆಸರೇ ಹೋಯಿತು.

"ಫೋನ್ ಮಾಡ್ಬಹುದಾ ಅಮ್ಮಾ?"

"ಅಯ್ಯೋ, ಅದನ್ನೇನು ಕೇಳೋದು? ಮಾಡೋದಪ್ಪ" ಅಂದರು ಮಹಡಿಮನೆ ಅಮ್ಮ. ಹೇಳಿದ ಮೇಲೆ ಇವಳ ಮುಖ ನೋಡಿ, ವಿಷಯ ಕೇಳಿ, ಅವರೂ ಕುರ್ಚಿ ಎಳೆದುಕೊಂಡು ಕೂತರು. "ಒಂದೇ ಬೀದೀಲಿ ಇದ್ದೀವಿ. ನಂಗೆ ಹೇಳ್ಬಾರ್ದಿತ್ತಾ?" ಅಂದರು. ಆಮೇಲೆ ತಾವೇ ಮೆಲ್ಲಗೆ, "ನಾನೂ ಕೇಳ್ಲಿಲ್ಲ ಬಿಡು" ಅಂದರು.

ನೋಡಿ, ಆ ತಾಯಿ ಕೆಟ್ಟವರಲ್ಲ. ಅವರಿಗೆ ಕೇಳಿ ರೂಢಿ ಇತ್ತು. ಇವರಿಗೆ ಕೇಳಬಹುದು ಅನ್ನುವುದೇ ತಿಳಿದಿರಲಿಲ್ಲ. ಆಸ್ಪತ್ರೆಯ ಬಾಗಿಲು ಇಬ್ಬರಿಗೂ ಒಂದೇ ಅಳತೆಯದು. ಅದರ ಮುಂದಿನ ಮೆಟ್ಟಿಲು ಮಾತ್ರ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಹತ್ತು.

ಆ ಮಧ್ಯಾಹ್ನವೇ ಹೆಂಡತಿ ಆರೋಗ್ಯದಕ್ಕನನ್ನು ಕರೆದುಕೊಂಡು ಬಂದಳು. ಅಂಗಡಿಯಲ್ಲಿ ಜನರಿರಲಿಲ್ಲ. ಇಸ್ತ್ರಿಪೆಟ್ಟಿಗೆ ಆರಿತ್ತು. ಇಸ್ತ್ರಿಯಣ್ಣ ಅಂಗಿ ಮಡಚುತ್ತಾ, "ಬಂದ್ರಾ ವಕೀಲ್ರು" ಅಂದ.

"ಬಂದೆ ಅಣ್ಣಾ. ಮೊದಲು ಆ ಚೀಟಿ ತೋರಿಸಿ."

ದೇವರ ಗೂಡಿನಿಂದ ಚೀಟಿ ಬಂತು. ಆರೋಗ್ಯದಕ್ಕ ಅದನ್ನು ತಿರುಗಿಸಿದಳು. ಹಿಂದೆ ಇರುವೆ ಸಾಲಿನಂಥ ಅಕ್ಷರಗಳು. ಕಣ್ಣು ಕಿರಿದು ಮಾಡಿ ಓದಿದಳು. "ಬರಲಾಗದಿದ್ದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು. ಕೆಳಗೆ ಫೋನ್ ನಂಬರು. ಇಲ್ಲೇ ಇದೆ ನೋಡಿ."

"ಕಣ್ಣು ನೋಡೋ ಆಸ್ಪತ್ರೆಯವರು ಕಣ್ಣಿಗೆ ಕಾಣದ ಹಾಗೆ ಬರೆದಿದ್ದಾರಲ್ಲೇ!" ಅಂದಳು ಅಜ್ಜಿ. ಎಲ್ಲರೂ ನಕ್ಕರು. ಇಸ್ತ್ರಿಯಣ್ಣ ಮಾತ್ರ ನಗಲಿಲ್ಲ.

"ಅಣ್ಣಾ, ನೀವು ಮೂರು ದಿನ ಬಿಟ್ಟು ಯಾಕೆ ಹೋದ್ರಿ?"

"ತಾರೀಖು ಆದ್ಮೇಲೆ ಹೋಗೋದಲ್ವಾ? ಚೀಟಿ ಅಂದ್ರೆ ಹಾಗೇ ಅಲ್ವಾ?"

ಆರೋಗ್ಯದಕ್ಕ ಹಲಗೆಯ ಮೇಲಿನ ಗಂಟುಗಳನ್ನು ನೋಡಿದಳು. ಅರ್ಥವಾಯಿತು. "ಬಟ್ಟೆ ಕಾಯುತ್ತೆ ಅಣ್ಣಾ. ವೈದ್ಯರ ತಾರೀಖು ಕಾಯಲ್ಲ. ಅದು ಬಸ್ಸಿನ ಹಾಗೆ. ಆ ದಿನ, ಆ ಹೊತ್ತು. ಆದ್ರೆ ತಪ್ಪಿಸಿಕೊಂಡವರಿಗೆ ಇನ್ನೊಂದು ಬಸ್ಸು ಇದೆ ಅಂತ ಹೇಳೋದು ಅವರ ಕೆಲಸ. ಅವರು ಹೇಳ್ಲಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ. ನಡೀರಿ, ಕೇಳೋಣ."

"ನಂಗೆ ಬೇಡ. ಒಂದು ಕಣ್ಣು ಇದೆ. ಅದ್ರಲ್ಲೇ ಓದ್ತಾಳೆ, ಆಡ್ತಾಳೆ. ಇನ್ನೊಂದಕ್ಕೋಸ್ಕರ ನಾನು ಯಾರ ಮುಂದೂ ಹಲ್ಲು ಗಿಂಜಲ್ಲ."

ಆರೋಗ್ಯದಕ್ಕ ವಾದ ಮಾಡಲಿಲ್ಲ. ಗುಂಡಿಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಅಜ್ಜಿಯ ಡಬ್ಬಿಯಿಂದ ಒಂದು ಹಿಡಿ ಗುಂಡಿ ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿದಳು. "ಇದರಲ್ಲಿ ನೀಲಿ ನಾಲ್ಕು ತೂತಿಂದು ಆರಿಸು ಪುಟ್ಟಿ." ಗುಂಡಿ ಟಕಟಕನೆ ಆರಿಸಿಟ್ಟಳು. ಆಮೇಲೆ ಆರೋಗ್ಯದಕ್ಕ ಒಂದು ಕರವಸ್ತ್ರ ಮಡಚಿ ಮಗುವಿನ ಬಲಗಣ್ಣನ್ನು ಮೆಲ್ಲಗೆ ಮುಚ್ಚಿದಳು. "ಈಗ ಆರಿಸು."

ಗುಂಡಿಯ ಕೈ ಬಟ್ಟೆಯ ಮೇಲೆ ಸವರಾಡಿತು. ಒಂದು ಕಪ್ಪು ಗುಂಡಿ ಎತ್ತಿ ಮುಖದ ಹತ್ತಿರ ತಂದು ಕೆಳಗಿಟ್ಟಳು. ಮತ್ತೆ ಸವರಿದಳು. ಆಮೇಲೆ ತಲೆಯೆತ್ತಿ, ತುಂಬ ಸಹಜವಾಗಿ ಹೇಳಿದಳು, "ಅಪ್ಪಾ, ಇಸ್ತ್ರಿ ಹಬೆ ಬಂತು. ಸ್ವಲ್ಪ ನಿಲ್ಸು, ಗುಂಡಿ ಕಾಣಲ್ಲ."

ಇಸ್ತ್ರಿಯಣ್ಣ ಪೆಟ್ಟಿಗೆಯ ಕಡೆ ನೋಡಿದ. ಅದು ತಣ್ಣಗೆ ಕೂತಿತ್ತು. ಅಂಗಡಿಯಲ್ಲಿ ಎಲ್ಲೂ ಹಬೆ ಇರಲಿಲ್ಲ. ಬಾಗಿಲಿನಿಂದ ನಿಚ್ಚಳ ಬಿಸಿಲು ಬಿದ್ದಿತ್ತು.

ಅವನು ಮಡಚುತ್ತಿದ್ದ ಅಂಗಿಯನ್ನು ಕೆಳಗಿಟ್ಟ. ಬಂದು ಮಗಳ ಮುಂದೆ ಕೂತ. ಕರವಸ್ತ್ರ ತೆಗೆದ. "ಈಗ?"

"ಈಗ ಹಬೆ ಹೋಯ್ತು."

ಕರವಸ್ತ್ರವನ್ನು ಮಡಚಿ ಬದಿಗಿಟ್ಟ. ಆಮೇಲೆ, "ಯಾವತ್ತು ಹೋಗೋಣ ಅಕ್ಕಾ?" ಅಂತ ಆರೋಗ್ಯದಕ್ಕನನ್ನು ಕೇಳಿದ. ಅವಮಾನ ದೊಡ್ಡದೇ ಇರಬಹುದು. ಮಗುವಿನ ಕಣ್ಣಿನ ಮುಂದೆ ಅದು ಎಷ್ಟರದು?

ಸೋಮವಾರ ಬೆಳಿಗ್ಗೆ ಹೊರಟರು. ಆರೋಗ್ಯದಕ್ಕನೂ ಜೊತೆಗೆ ಬಂದಳು. ಆದರೆ ಕಿಟಕಿಯ ಹತ್ತಿರ ಬಂದಾಗ ಅವಳು ಹಿಂದೆ ಸರಿದು ನಿಂತಳು. "ನೀನೇ ಮಾತಾಡು ತಂಗಿ. ನಾನು ಪ್ರತೀ ಸಲ ಇರಲ್ಲ."

ಹೆಂಡತಿ ಕಿಟಕಿಯ ಮುಂದೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಶುರು ಮಾಡಿದಳು. "ಸಾರ್, ನಮ್ಮ ತಪ್ಪಾಗಿದೆ. ತಾರೀಖು ಅಂದ್ರೆ ಅವತ್ತಿಂದ ಮುಂದೆ ಅಂತ ತಿಳಿದಿದ್ವಿ. ನಮ್ಮ ಅಂಗಡೀಲಿ ಹಾಗೇ ಚೀಟಿ ಕೊಡೋದು."

"ಇದು ಲಾಂಡ್ರಿ ಅಲ್ಲಮ್ಮಾ" ಅಂದರು ಗುಮಾಸ್ತರು.

"ಹೌದು ಸಾರ್, ಅಲ್ಲ. ನಮ್ಮಲ್ಲಿರೋದು ಬಟ್ಟೆ. ನಿಮ್ಮಲ್ಲಿರೋದು ಮಕ್ಕಳು. ನಮ್ಮಲ್ಲಿ ಯಾರಾದ್ರೂ ಬರದೇ ಇದ್ರೆ ಅವರ ಗಂಟನ್ನ ಬೀದಿಗೆ ಎಸೆಯಲ್ಲ. ಕೆಂಪು ದಾರ ಕಟ್ಟಿಡ್ತೀವಿ. ಇವರು ಸೈಕಲ್ ತಗೊಂಡು ಹೋಗಿ, ಯಾಕೆ ಬರ್ಲಿಲ್ಲ, ಮನೇಲಿ ಏನಾಯ್ತು ಅಂತ ಕೇಳ್ಕೊಂಡು ಬರ್ತಾರೆ. ಒಂದು ಅಂಗಿಗೆ ಅಷ್ಟು ಮಾಡ್ತೀವಿ ಸಾರ್. ನಮ್ಮ ಮಗು ಬರದೇ ಇದ್ದಾಗ ನೀವು ಹೆಸರು ತೆಗೆದ್ರಿ. ಕಣ್ಣು ಸರಿಹೋಯ್ತಾ ಅಂತ ಯಾರಾದ್ರೂ ಕೇಳಿದ್ರಾ?"

ಸಾಲಿನ ಹಿಂದಿನಿಂದ ಒಬ್ಬ ಮುದುಕ, "ಸರಿಯಾಗಿ ಹೇಳ್ದೆ ಮಗಳೇ" ಅಂದ. ಗುಮಾಸ್ತರ ಹಿಂದೆ ಕಡತ ಹುಡುಕುತ್ತಿದ್ದ ದೊಡ್ಡ ಸಿಸ್ಟರ್, ತಲೆ ನರೆತ ಹೆಂಗಸು, ಕೆಲಸ ನಿಲ್ಲಿಸಿ ಹತ್ತಿರ ಬಂದರು.

"ಕೆಂಪು ದಾರಾನಾ?" ಅಂತ ಕೇಳಿದರು.

"ಹೌದಮ್ಮಾ. ಮೇಷ್ಟ್ರ ಕಾಲು ಮುರಿದಿದ್ದು ಹಾಗೇ ಗೊತ್ತಾಗಿದ್ದು" ಅಂದ ಇಸ್ತ್ರಿಯಣ್ಣ. ಮೊದಲ ಸಲ ಅವನ ದನಿ ಆ ಆಸ್ಪತ್ರೆಯೊಳಗೆ ಕೇಳಿಸಿತು.

ದೊಡ್ಡ ಸಿಸ್ಟರ್ ಗುಮಾಸ್ತರಿಗೆ, "ಹೋದ ತಿಂಗಳಿಂದ ತೆಗೆದ ಹೆಸರುಗಳ ಪಟ್ಟಿ ತೆಗೀರಿ" ಅಂದರು. ಕೂತು ಒಂದೊಂದೇ ವಿಳಾಸ ಓದಿದರು. ಇಟ್ಟಿಗೆ ಭಟ್ಟಿಯ ಸಾಲುಮನೆ. ಕೆಳಗಿನ ಬೀದಿ. ಗಾರ್ಮೆಂಟ್ಸ್ ಹಿಂದಿನ ಓಣಿ. ಮತ್ತೆ ಇಟ್ಟಿಗೆ ಭಟ್ಟಿ. ಮತ್ತೆ ಕೆಳಗಿನ ಬೀದಿ. ದೊಡ್ಡ ಮನೆಗಳ ರಸ್ತೆಯ ಒಂದು ಹೆಸರೂ ಇರಲಿಲ್ಲ. ಆ ಮಕ್ಕಳೂ ತಾರೀಖು ತಪ್ಪಿಸಿದ್ದರು. ಆದರೆ ಅವರೆಲ್ಲರ ತಾರೀಖು ಫೋನಿನಲ್ಲಿ ಮುಂದೆ ಹೋಗಿತ್ತು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಹೀಗೆ ಒಟ್ಟಿಗೆ ನೋಡೇ ಇರಲಿಲ್ಲ ಸಿಸ್ಟರ್" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ದಿನಕ್ಕೆ ನೂರಾರು ಮುಖ ನೋಡುವವರಿಗೆ ಬಾರದ ಮುಖ ಕಾಣುವುದಿಲ್ಲ. ಅವರು ಕಡತ ತಿರುವಿ, "ನಾಳೆ ಒಂದು ಮಗು ಬರಲ್ಲ ಅಂತ ಈಗಷ್ಟೇ ಫೋನ್ ಬಂತು. ಆ ಜಾಗ ಖಾಲಿ ಇದೆ. ನಾಳೆ ಹತ್ತು ಗಂಟೆಗೆ ಬರ್ತೀರಾ?" ಅಂತ ಕೇಳಿದರು. ಈ ಸಲ ಮುಖ ನೋಡಿ ಕೇಳಿದರು.

ನಾಳೆ ಮಂಗಳವಾರ. ಹಾಸ್ಟೆಲಿನ ಬಟ್ಟೆ ಬರುವ ದಿನ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಬರ್ತೀವಿ ಸಾರ್" ಅಂದ ಇಸ್ತ್ರಿಯಣ್ಣ. "ಹಾಸಿಗೆ ಬಟ್ಟೆ ಕಾಯುತ್ತೆ."

ಹೊರಡುವ ಮುಂಚೆ ಗುಂಡಿ ಕಿಟಕಿಯ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಕೇಳಿದಳು, "ನನ್ನ ಹೆಸರು ವಾಪಸ್ ಇಟ್ರಾ?"

"ಇಟ್ಟೆ ತಾಯಿ. ಗಟ್ಟಿಯಾಗಿ ಬರೆದಿದ್ದೀನಿ" ಅಂದರು ಗುಮಾಸ್ತರು.

ಆಮೇಲೆ ಕನ್ನಡಕ ಬಂತು. ಪಟ್ಟಿಯೂ ಬಂತು. ದಿನಕ್ಕೆ ಎರಡು ಗಂಟೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಹತ್ತಿರದ ಕೆಲಸ ಮಾಡಿಸಬೇಕು ಅಂದರು ವೈದ್ಯರು. ಡಬ್ಬಿಯ ಗುಂಡಿಗಳನ್ನು ಆರಿಸುವುದಕ್ಕಿಂತ ಒಳ್ಳೆಯ ಕೆಲಸ ಯಾವುದು? ಆದರೆ ಮೊದಲ ವಾರ ಆ ಹುಡುಗಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡಳು. ಪಟ್ಟಿ ಕಿತ್ತು ಬಿಸಾಡುವಳು, ಅಳುವಳು. ಕೊನೆಗೆ ಇಸ್ತ್ರಿಯಣ್ಣ ತಾನೂ ಒಂದು ಪಟ್ಟಿ ಅಂಟಿಸಿಕೊಂಡು, "ಬಾ, ಯಾರು ಮೊದಲು ಕೀಳ್ತಾರೋ ಅವರು ಸೋತ ಹಾಗೆ" ಅಂದ. ಒಂದು ಕಣ್ಣಲ್ಲಿ ಇಸ್ತ್ರಿ ಮಾಡಲು ಹೋಗಿ ಒಂದು ತೋಳಿಗೆ ಎರಡು ಗೀರು ಬಿತ್ತು.

"ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಗೀರು ದಾರಿ ತಪ್ತು ನೋಡು" ಅಂದಳು ಅಜ್ಜಿ. "ಮಗಳ ಕಣ್ಣು ನೆಟ್ಟಗಾಗ್ಲಿ, ಗೀರು ಸೊಟ್ಟಗಾದ್ರೂ ಪರವಾಗಿಲ್ಲ" ಅಂದ ಅವನು. ಅಂಗಿ ಯಾರದೆಂದು ನೀವು ಕೇಳಬೇಡಿ. ಗುಮಾಸ್ತರದು.

ಇನ್ನೊಂದು ತಾರೀಖಿನ ಹಿಂದಿನ ದಿನ ಅಜ್ಜಿಗೆ ಜ್ವರ ಬಂತು. ಹೋಗುವ ಹಾಗಿರಲಿಲ್ಲ. ಇಸ್ತ್ರಿಯಣ್ಣ ಮಹಡಿಮನೆಗೆ ಹೋಗಿ ಫೋನ್ ಕೇಳಿದ. ಅಮ್ಮ ನಂಬರು ಒತ್ತಿ ಕೊಟ್ಟರು. ಇವನು ಎದ್ದು ನಿಂತು, ಅಂಗಿ ಸರಿಮಾಡಿಕೊಂಡು ಮಾತಾಡಿದ. "ನಮಸ್ಕಾರ, ನಾನು ಗುಂಡಿ ಅಪ್ಪ. ನಾಳೆ ಬರೋಕಾಗಲ್ಲ. ಇನ್ನೊಂದು ದಿನ ಕೊಡಿ." ಆ ಕಡೆಯಿಂದ, "ಆಯ್ತು ಅಣ್ಣಾ, ಮುಂದಿನ ಮಂಗಳವಾರ" ಅಂತ ಬಂತು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು, "ಇಷ್ಟೇನಾ?" ಅಂದ. ಇಷ್ಟೇ. ಇಷ್ಟು ತಿಳಿಯದೆ ಎಷ್ಟು ಮಕ್ಕಳ ಕಾಲ ಕಳೆದುಹೋಗಿದೆಯೋ, ಬಲ್ಲವನು ಮೇಲಿದ್ದಾನೆ.

ಆಸ್ಪತ್ರೆಯಲ್ಲೂ ನಡೆ ಬದಲಾಯಿತು. ಒಂದು ದಿನ ದೊಡ್ಡ ಸಿಸ್ಟರ್ ಅಂಗಡಿಗೇ ಬಂದರು, ಹೊಸ ಚೀಟಿಯ ನಮೂನೆ ಹಿಡಿದುಕೊಂಡು. "ಓದಮ್ಮಾ, ನಿನಗೆ ಅರ್ಥ ಆದ್ರೆ ಎಲ್ಲರಿಗೂ ಅರ್ಥ ಆಗುತ್ತೆ" ಅಂದರು. ದಪ್ಪ ಅಕ್ಷರದಲ್ಲಿ ಹೀಗಿತ್ತು: ಈ ದಿನವೇ ಬನ್ನಿ. ಬರೋಕೆ ಆಗದಿದ್ದರೆ ಮೊದಲೇ ಹೇಳಿ, ಬೇರೆ ದಿನ ಕೊಡುತ್ತೇವೆ. ಹೆಂಡತಿ ಓದಿ, "ತಾರೀಖು ತಪ್ಪಿ ಹೋದವರಿಗೆ?" ಅಂತ ಕೇಳಿದಳು. ಸಿಸ್ಟರ್ ಪೆನ್ನು ತೆಗೆದು ಇನ್ನೊಂದು ಸಾಲು ಸೇರಿಸಿದರು: ತಪ್ಪಿಹೋದರೂ ಬನ್ನಿ.

ತಿಂಗಳಿಗೆ ಒಂದು ಮಂಗಳವಾರ ಕಣ್ಣಿನ ವಿಭಾಗ ಸಂಜೆಯವರೆಗೆ ತೆರೆಯಿತು, ದಿನಗೂಲಿಯವರು ಕೆಲಸ ಮುಗಿಸಿ ಬರಲಿ ಅಂತ. ಬಾರದ ಮಕ್ಕಳ ಕಡತಗಳಿಗೆ ಕೆಂಪು ದಾರ ಬಿತ್ತು. ಆ ದಾರ ಕಂಡ ವಾರ ಆರೋಗ್ಯದಕ್ಕನಂಥವರು ಆ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ. ಎಲ್ಲ ಕಡತಗಳ ದಾರವನ್ನೂ ಇನ್ನೂ ಬಿಚ್ಚಿಲ್ಲ. ಇಟ್ಟಿಗೆ ಭಟ್ಟಿಯ ಕೆಲವರು ಊರೇ ಬಿಟ್ಟು ಹೋಗಿದ್ದಾರೆ, ಅವರ ಮಕ್ಕಳು ಎಲ್ಲಿದ್ದಾರೋ. ಹುಡುಕುತ್ತಿದ್ದಾರೆ.

ಗುಂಡಿಗೆ ಏಳು ತುಂಬುವ ಮುಂಚಿನ ಮಾತು. ಅಜ್ಜಿ ಬಾಗಿಲ ಬಳಿ ಕೂತು ಸೂಜಿ ಚಾಚಿದಳು. ಗುಂಡಿಯ ಬಲಗಣ್ಣಿಗೆ ಪಟ್ಟಿ ಇತ್ತು. ಹಲಗೆಯ ಮೇಲಿದ್ದ ಕೆಂಪು ದಾರದ ಉಂಡೆಯಿಂದ ಒಂದೆಳೆ ಎಳೆದು, ನಾಲಿಗೆಗೆ ತಾಗಿಸಿ, ಗುರಿಯಿಟ್ಟಳು. ಮೊದಲ ಸಲ ಪಕ್ಕಕ್ಕೆ ಹೋಯಿತು. ಎರಡನೇ ಸಲವೂ. ಇಸ್ತ್ರಿಯಣ್ಣ ಕೈ ನಿಲ್ಲಿಸಿ ನೋಡಿದ. ಮೂರನೇ ಸಲ ಕೆಂಪು ದಾರ ಸೂಜಿಯ ಕಣ್ಣಿನೊಳಗೆ ಹೋಗಿ ಆ ಕಡೆ ಬಂತು.

"ನೀನು ಸೂಜಿ ಅಲ್ಲಾಡಿಸಿದೆ ಅಜ್ಜಿ, ಆದ್ರೂ ಪೋಣಿಸ್ದೆ" ಅಂದಳು ಗುಂಡಿ.

ಅಂದು ಅಜ್ಜಿ ಎದುರು ಮಾತಾಡಲಿಲ್ಲ. ಅವಳ ಕೈ ನಿಜವಾಗಿಯೂ ನಡುಗುತ್ತಿತ್ತು.

ತಾಯಂದಿರೇ, ಅಪ್ಪಂದಿರೇ, ಕಥೆ ಕೇಳಿದಿರಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಗುವಿನ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಲ್ಲಿ ಏನು ಕಾಣುತ್ತದೆ ಅಂತ ಆಟದ ಹಾಗೆ ಕೇಳಿ ನೋಡಿ. ಅನುಮಾನ ಬಂದರೆ ತಡ ಮಾಡದೆ ತೋರಿಸಿ. ಆಸ್ಪತ್ರೆಯ ಚೀಟಿ ಕೈಗೆ ಬಂದಾಗ, "ಇದು ಯಾವ ದಿನ, ಎಷ್ಟು ಹೊತ್ತಿಗೆ, ಬರೋಕಾಗದಿದ್ದರೆ ಯಾರಿಗೆ ಹೇಳಬೇಕು?" ಅಂತ ಅಲ್ಲೇ ನಿಂತು ಬಾಯಿಬಿಟ್ಟು ಕೇಳಿ. ಕೇಳುವುದು ಭಿಕ್ಷೆಯಲ್ಲ. ದಿನ ತಪ್ಪಿದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಹೋಗಿ, ಆದದ್ದು ಹೇಳಿ. ಕೇಳಲು ಗೊತ್ತಿರುವವರು, ಮನೆಯಲ್ಲಿ ಫೋನ್ ಇರುವವರು, ಎದುರು ಮನೆಯ ಮಗುವಿಗಾಗಿಯೂ ಒಮ್ಮೆ ಕೇಳಿ. ಇನ್ನು ಕಿಟಕಿಯ ಆ ಕಡೆ ಕೂತಿರುವ ಅಣ್ಣಂದಿರೇ, ಅಕ್ಕಂದಿರೇ, ಬಾರದ ಮಗುವಿನ ಹೆಸರನ್ನು ಹೊಡೆದುಹಾಕುವ ಮೊದಲು ಒಂದು ಗಳಿಗೆ ಪೆನ್ನು ನಿಲ್ಲಿಸಿ.

ಹುಟ್ಟಿಸಿದವನು ಎಲ್ಲ ಮಕ್ಕಳ ಹೆಸರನ್ನೂ ಒಂದೇ ಪುಸ್ತಕದಲ್ಲಿ ಬರೆದಿದ್ದಾನೆ. ಅದರಿಂದ ಒಂದು ಹೆಸರನ್ನೂ ನಾವು ತೆಗೆಯುವುದು ಬೇಡ. ನಿಮ್ಮ ಬೀದಿಯಲ್ಲಿ ಯಾವ ಬಾಗಿಲಿಗೆ ಕೆಂಪು ದಾರ ಕಟ್ಟಬೇಕೋ ನೋಡಿ. ಹೋಗಿ, ತಟ್ಟಿ, ಕೇಳಿ: "ಯಾಕೆ ಬರಲಿಲ್ಲ? ಮಗು ಹೇಗಿದೆ?"